ಕಥೆಯೊಳಗಿನ ಗೆಳೆಯ ಸತ್ತರೆ ಮಾತಾಡಿಸಲಿಕ್ಕೆ ಯಾರು ಬರ್ತಾರೆ?

ನಮ್ಮ ಕಲಬುರಗಿ ಕಡೆ ಯಾರಾದರೂ ತೀರಿಕೊಂಡರೆ ‘ಮಾತಾಡಿಸಿ ಬರೋದು’ ಅಂತ ಒಂದು ಪದ್ಧತಿ ಇದೆ. ಮಣ್ಣಿಗೆ ಹೋಗಲು ಆಗದಿದ್ದರೂ ನಡೆಯುತ್ತೆ, ಮಾತಾಡಿಸಲಿಕ್ಕೆ ಮಾತ್ರ ಹೋಗಲೇಬೇಕು. ಹೋದವರು ದೊಡ್ಡ ಸಮಾಧಾನದ ಮಾತೇನೂ ಹೇಳೋದಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹಾಸಿದ ಜಮಖಾನದ ಮೇಲೆ ಕೂತು, “ಏನಾಗಿತ್ರಿ?” ಅಂತ ಕೇಳ್ತಾರೆ. ಮನೆಯವರು ಅದೇ ಕಥೆಯನ್ನು ಇಪ್ಪತ್ತನೇ ಸಲ ಹೇಳ್ತಾರೆ. ಹೇಳ್ತಾ ಅಳ್ತಾರೆ, ಹೇಳಿ ಹೇಳಿ ಸ್ವಲ್ಪ ಹಗುರ ಆಗ್ತಾರೆ.

ಈಗ ಇನ್ನೊಂದು ಥರದ ಸಾವು ನೋಡಿ. ರಾತ್ರಿ ಒಂದೂವರೆ ಗಂಟೆ. ಪಿಜಿ ರೂಮಿನಲ್ಲಿ ದೀಪ ಆರಿಸಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದು ಸೈನ್ಸ್ ಫಿಕ್ಷನ್ ಸೀರೀಸ್ ನೋಡ್ತಿದ್ದೀರಿ. ಮೂರು ಸೀಸನ್‌ನಿಂದ ನಾಯಕನ ಜೊತೆಗಿದ್ದ ಪಾತ್ರ ಸತ್ತುಹೋಗುತ್ತೆ. ಕಣ್ಣಲ್ಲಿ ನೀರು. ಪಕ್ಕದ ಮಂಚದವ ಗೊರಕೆ ಹೊಡೀತಿದ್ದಾನೆ. ಬೆಳಿಗ್ಗೆ ಹತ್ತಕ್ಕೆ ಆಫೀಸ್ ಕಾಲ್. “ಕಣ್ಣು ಯಾಕೆ ಕೆಂಪಗಿದೆ?” ಅಂದರೆ “ನಿದ್ದೆ ಆಗಿಲ್ಲ” ಅಂತೀರಿ. ಒಂದು ಸೀರೀಸ್ ನೋಡಿ ಅತ್ತೆ ಅಂತ ಹೇಳಲಿಕ್ಕಾಗುತ್ತಾ? ಹೇಳಿದರೆ ಸಿಗೋ ಉತ್ತರ ಗೊತ್ತೇ ಇದೆ: “ಅಯ್ಯೋ, ಅದು ಕಥೆ ಮಾರಾಯ!”

ಕಥೆ ಅಂತ ಅಳುವವರಿಗೂ ಗೊತ್ತು. ಆದರೂ ಜಗತ್ತಿನಾದ್ಯಂತ ಅಭಿಮಾನಿಗಳು ಇಂಥ ಸಾವುಗಳಿಗೆ ಪತ್ರ ಬರೆದಿದ್ದಾರೆ, ಹೂವು ಇಟ್ಟಿದ್ದಾರೆ, ಕಾಫಿ ಪುಡಿ ಪಾರ್ಸೆಲ್ ಮಾಡಿದ್ದಾರೆ. ಅದನ್ನು ಹುಚ್ಚು ಅಂತ ನಕ್ಕು ಮುಂದೆ ಹೋಗೋದು ಸುಲಭ. ನನಗೆ ಅದರಲ್ಲಿ ಕಾಣೋದು ನಮ್ಮ ಜಮಖಾನವೇ. ಮಾತಾಡಿಸಲಿಕ್ಕೆ ಯಾರೂ ಬಾರದ ಸಾವಿಗೆ, ತಮಗೆ ತಾವೇ ಹಾಸಿಕೊಂಡ ಜಮಖಾನ.

(ಮುಂದೆ ಕೆಲವು ಹಳೆಯ ಸೀರೀಸ್ ಮತ್ತು ಸಿನಿಮಾಗಳ ಗುಟ್ಟು ಬಯಲಾಗುತ್ತೆ. ನೋಡಬೇಕು ಅಂತಿದ್ದವರು ಸ್ವಲ್ಪ ಹುಷಾರು.)

ಸದ್ದಿಲ್ಲದೆ ಮುಗಿದ ಕಂತು

ಬ್ರಿಟನ್ನಿನ ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಅನ್ನೋ ಸರಣಿ ಶುರುವಾಗಿದ್ದು 1963ರ ನವೆಂಬರ್ 23ರಂದು. ಡಾಕ್ಟರ್ ಅನ್ನೋ ಅನ್ಯಗ್ರಹದವ, ಟಾರ್ಡಿಸ್ ಅನ್ನೋ ನೀಲಿ ಪೆಟ್ಟಿಗೆಯಲ್ಲಿ ಕಾಲ ಮತ್ತು ಆಕಾಶ ಎರಡರಲ್ಲೂ ಸುತ್ತುತ್ತಾನೆ. ಅವನ ಜೊತೆ ಯಾವಾಗಲೂ ಒಬ್ಬರೋ ಇಬ್ಬರೋ ಇರ್ತಾರೆ. ಅವರನ್ನು ಅಭಿಮಾನಿಗಳು ‘ಕಂಪ್ಯಾನಿಯನ್’ ಅಂತಾರೆ. ನಮ್ಮ ಮಾತಲ್ಲಿ ಜೊತೆಗಾರರು.

ಈ ಜೊತೆಗಾರರು ಸಾಮಾನ್ಯವಾಗಿ ಸಾಯೋದಿಲ್ಲ. ಮದುವೆಯಾಗಿ ಹೋಗ್ತಾರೆ, ಊರಿಗೆ ವಾಪಸ್ ಹೋಗ್ತಾರೆ, ಯಾವುದೋ ಗ್ರಹದಲ್ಲಿ ಉಳಿದುಬಿಡ್ತಾರೆ. 1965–66ರ ಒಂದು ದೀರ್ಘ ಕಥೆಯಲ್ಲಿ ಕಟರೀನಾ, ಸಾರಾ ಕಿಂಗ್‌ಡಮ್ ಅನ್ನೋ ಇಬ್ಬರು ಸತ್ತಿದ್ದರು. ಅವರು ಬಂದು ಕೆಲವೇ ವಾರ ಆಗಿತ್ತು. ಆಮೇಲೆ ಹದಿನಾರು ವರ್ಷ ಅಂಥದ್ದು ಮತ್ತೆ ಆಗಲಿಲ್ಲ.

1982ರ ಮಾರ್ಚ್ 16. ‘ಅರ್ಥ್‌ಶಾಕ್’ ಅನ್ನೋ ಕಥೆಯ ಕೊನೆಯ ಕಂತು. ಏಡ್ರಿಕ್ ಅನ್ನೋ ಹುಡುಗ, ಮ್ಯಾಥ್ಯೂ ವಾಟರ್‌ಹೌಸ್ ಮಾಡಿದ ಪಾತ್ರ, ಗಣಿತದಲ್ಲಿ ಪಂಟ. ಅಂಗಿಯ ಮೇಲೆ ಗಣಿತಕ್ಕೆ ಸಿಕ್ಕ ಚಿನ್ನದ ಬ್ಯಾಡ್ಜ್. ಭೂಮಿಗೆ ಬಂದು ಅಪ್ಪಳಿಸಲಿರುವ ಒಂದು ಸರಕು ನೌಕೆಯಲ್ಲಿ ಅವನು ಉಳಿದುಕೊಳ್ತಾನೆ. ನೌಕೆಯ ಕಂಪ್ಯೂಟರಿಗೆ ಶತ್ರುಗಳು ಹಾಕಿದ ಬೀಗವನ್ನು ಲೆಕ್ಕ ಮಾಡಿ ಒಂದೊಂದಾಗಿ ಬಿಡಿಸ್ತಾನೆ. ಇನ್ನೊಂದೇ ಹೆಜ್ಜೆ ಇದೆ ಅನ್ನುವಾಗ ಶತ್ರುವಿನ ಗುಂಡು ಆ ಯಂತ್ರಕ್ಕೇ ಬೀಳುತ್ತೆ. ತನ್ನ ಉತ್ತರ ಸರಿಯಿತ್ತೋ ಇಲ್ಲವೋ ಅನ್ನೋದು ಗೊತ್ತಾಗದೇ ಅವನು ಸಾಯ್ತಾನೆ. ಕೋಡ್ ಬರೆಯೋರಿಗೆ ಈ ಸಂಕಟ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಪ್ರತಿ ವಾರ ಬರೋ ಆ ಪರಿಚಿತ ಸಂಗೀತ ಬರಲಿಲ್ಲ. ಮುರಿದ ಬ್ಯಾಡ್ಜಿನ ಚಿತ್ರ, ಅದರ ಮೇಲೆ ಕಲಾವಿದರ ಹೆಸರುಗಳು, ಪೂರ್ತಿ ಮೌನ. ಸೋಫಾ ಮೇಲೆ ಕೂತು ನೋಡ್ತಿದ್ದ ಒಂದು ತಲೆಮಾರಿನ ಬ್ರಿಟಿಷ್ ಮಕ್ಕಳಿಗೆ ಆ ಮೌನ ಇವತ್ತಿಗೂ ನೆನಪಿದೆ.

ಇನ್ನೊಂದು ಮಾತು. ಏಡ್ರಿಕ್ ಎಲ್ಲರ ಮುದ್ದಿನ ಪಾತ್ರ ಆಗಿರಲಿಲ್ಲ. ಹಠಮಾರಿ, ಎಲ್ಲ ಗೊತ್ತಿದೆ ಅನ್ನೋ ಹುಡುಗ. ಅವನನ್ನು ಕಂಡರೆ ಆಗದ ಅಭಿಮಾನಿಗಳು ಬೇಕಾದಷ್ಟಿದ್ದರು. ಅಂಥವರನ್ನೂ ಆ ಮೌನ ಹಿಡಿದು ಕೂರಿಸಿತು. ಮನೆಯಲ್ಲೂ ಹೀಗೇ ಅಲ್ವಾ? ದಿನಾ ಜಗಳ ಆಡಿದ ಮನುಷ್ಯ ಹೋದರೂ ಅವನು ಕೂರ್ತಿದ್ದ ಕುರ್ಚಿ ಖಾಲಿಯೇ.

ಮುಂದಿನ ಕಥೆಯಲ್ಲಿ ಉಳಿದ ಜೊತೆಗಾರರು ಡಾಕ್ಟರನ್ನು ಕೇಳ್ತಾರೆ: ನಿನ್ನ ಹತ್ತಿರ ಕಾಲದಲ್ಲಿ ಹಿಂದೆ ಹೋಗೋ ಯಂತ್ರ ಇದೆಯಲ್ಲ, ಹೋಗಿ ಅವನನ್ನು ಉಳಿಸಬಾರದಾ? ಡಾಕ್ಟರ್ ಆಗಲ್ಲ ಅಂತಾನೆ. ಮುರಿಯಬಾರದ ಕೆಲವು ನಿಯಮ ಇವೆ ಅಂತಾನೆ. ಅಭಿಮಾನಿಗಳನ್ನು ಜಾಸ್ತಿ ಕಾಡಿದ್ದು ಇದೇ ಇರಬೇಕು. ಟೈಮ್ ಮಷೀನ್ ಇಟ್ಟುಕೊಂಡವನೂ ಸಾವಿನ ಮುಂದೆ ನಮ್ಮ ಹಾಗೇ ಕೈಕಟ್ಟಿ ಕೂರಬೇಕು.

ಜೊತೆಗಾರ ಅಂದ್ರೆ ನಾವೇ

ನಾಯಕ ಸತ್ತರೆ ಆಗೋದಕ್ಕಿಂತ ಜೊತೆಗಾರ ಸತ್ತಾಗ ಜಾಸ್ತಿ ನೋವಾಗೋದು ಯಾಕೆ?

ನಾಯಕನಿಗೆ ಎಲ್ಲ ಗೊತ್ತಿರುತ್ತೆ. ಜೊತೆಗಾರನಿಗೆ ಏನೂ ಗೊತ್ತಿರಲ್ಲ. “ಇದೇನು? ಇಲ್ಲಿ ಯಾಕೆ ಬಂದ್ವಿ?” ಅಂತ ಕೇಳೋದು ಅವನ ಕೆಲಸ. ಅವನು ಕೇಳೋದರಿಂದಲೇ ನಮಗೂ ಕಥೆ ಅರ್ಥ ಆಗೋದು. ಅಂದರೆ ಆ ನೀಲಿ ಪೆಟ್ಟಿಗೆಯೊಳಗೆ ನಮ್ಮ ಸೀಟಿನಲ್ಲಿ ಕೂತಿರೋನು ಅವನು. ಅವನು ಸತ್ತರೆ ನಮ್ಮ ಸೀಟೇ ಖಾಲಿ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಅನ್ನೋ ಇಬ್ಬರು ವಿದ್ವಾಂಸರು ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಟಿವಿಯಲ್ಲಿ ವಾರ ವಾರ ಕಾಣೋ ಮುಖದ ಜೊತೆ ನೋಡುಗರಿಗೆ ಒಂದು ಸಂಬಂಧ ಬೆಳೆಯುತ್ತೆ. ಅದು ಒಂದೇ ಕಡೆಯದು, ಆ ಕಡೆಯವರಿಗೆ ನಾವು ಯಾರು ಅಂತಲೇ ಗೊತ್ತಿಲ್ಲ. ಆದರೆ ಈ ಕಡೆ ಅದು ಗೆಳೆತನದ ಹಾಗೇ ಕೆಲಸ ಮಾಡುತ್ತೆ. ಇದಕ್ಕೆ ಅವರು ‘ಪ್ಯಾರಾಸೋಶಿಯಲ್’ ಅನ್ನೋ ಹೆಸರಿಟ್ಟರು. ಪಾತ್ರ ಸತ್ತಾಗ ಮುರಿಯೋದು ಈ ಸಂಬಂಧ. ಸತ್ತವರು ಕಾಲ್ಪನಿಕ ಸರಿ, ಕೂಡಿ ಕಳೆದ ಗುರುವಾರದ ರಾತ್ರಿಗಳು ಕಾಲ್ಪನಿಕ ಅಲ್ಲ.

ಇನ್ನೊಬ್ಬ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಬೇರೆ ಒಂದು ಮಾತು ಹೇಳಿದರು. ಕೆಲವು ದುಃಖಗಳಿಗೆ ಸಮಾಜ ಮಾನ್ಯತೆ ಕೊಡೋದಿಲ್ಲ. ಅದಕ್ಕೆ ರಜೆ ಇಲ್ಲ, ಹನ್ನೊಂದನೇ ದಿನದ ಊಟ ಇಲ್ಲ, “ಪಾಪ” ಅನ್ನೋರೂ ಇಲ್ಲ. ಸಾಕಿದ ನಾಯಿ ಸತ್ತ ದುಃಖ ಅಂಥದ್ದು. ಹೊರಗೆ ಹೇಳಿಕೊಳ್ಳಲಾಗದ ಪ್ರೀತಿ ಹೋದ ದುಃಖ ಅಂಥದ್ದು. ಹೇಳಲಿಕ್ಕೆ ಜಾಗ ಇಲ್ಲದ ದುಃಖ ಬೇಗ ಆರೋದಿಲ್ಲ ಅನ್ನೋದು ಅವರ ವಾದದ ಸಾರ. ಪಾತ್ರದ ಸಾವೂ ಆ ಪಟ್ಟಿಗೆ ಸೇರುತ್ತೆ ಅಂತ ನನ್ನ ಲೆಕ್ಕ.

ಕಾರ್ಡಿಫ್‌ನ ಗೋಡೆ

ಜಾಗ ಇಲ್ಲದಿದ್ದರೆ ಜನ ಜಾಗ ಮಾಡಿಕೊಳ್ತಾರೆ.

‘ಡಾಕ್ಟರ್ ಹೂ’ನಿಂದಲೇ ಕವಲೊಡೆದ ಇನ್ನೊಂದು ಸರಣಿ ‘ಟಾರ್ಚ್‌ವುಡ್’. ಕಥೆ ನಡೆಯೋದು ವೇಲ್ಸ್‌ನ ಕಾರ್ಡಿಫ್ ನಗರದಲ್ಲಿ. ಅದರಲ್ಲಿ ಯಾಂಟೊ ಜೋನ್ಸ್ ಅನ್ನೋ ಹುಡುಗ ಇದ್ದ. ನೀಟಾಗಿ ಸೂಟು ಹಾಕಿಕೊಂಡು ತಂಡಕ್ಕೆಲ್ಲ ಕಾಫಿ ಮಾಡಿಕೊಡೋನು, ಕಡತ ನೋಡಿಕೊಳ್ಳೋನು. ಪ್ರತಿ ಆಫೀಸಿನಲ್ಲೂ ಇಂಥವ ಒಬ್ಬ ಇರ್ತಾನೆ. 2009ರ ಜುಲೈನಲ್ಲಿ ಒಂದೇ ವಾರ, ಸೋಮವಾರದಿಂದ ಶುಕ್ರವಾರ, ದಿನಕ್ಕೊಂದರಂತೆ ಐದು ಕಂತು ಬಂತು. ನಾಲ್ಕನೇ ಕಂತಿನಲ್ಲಿ ಯಾಂಟೊ, ತಾನು ಪ್ರೀತಿಸೋ ನಾಯಕ ಜ್ಯಾಕ್‌ನ ತೋಳಲ್ಲಿ ಸತ್ತ.

ಅಭಿಮಾನಿಗಳು ಮಾಡಿದ್ದು ನೋಡಿ. ಯಾಂಟೊನನ್ನು ಉಳಿಸಿ ಅಂತ ಅಭಿಯಾನ ನಡೆಸಿ ಬಿಬಿಸಿಗೆ ಕಾಫಿ ಪೊಟ್ಟಣ ಕಳಿಸಿದರು. ಅವನ ಹೆಸರಲ್ಲಿ ಮಕ್ಕಳ ಸಹಾಯನಿಧಿಗೆ ಹಣ ಸೇರಿಸಿದರು. ಕಾರ್ಡಿಫ್ ಕೊಲ್ಲಿಯ ದಂಡೆಯಲ್ಲಿ, ಮರ್ಮೇಡ್ ಕೀ ಅನ್ನೋ ಕಡೆ, ಸರಣಿಯಲ್ಲಿ ಈ ತಂಡದ ಆಫೀಸಿನ ಬಾಗಿಲು ಅಂತ ತೋರಿಸಿದ ಜಾಗ ಇದೆ. ಅಲ್ಲಿಯ ಗೋಡೆಗೆ ಪತ್ರ, ಫೋಟೊ, ಹೂವು ಅಂಟಿಸಲು ಶುರು ಮಾಡಿದರು. ಅದು ‘ಯಾಂಟೊನ ಸಮಾಧಿ’ ಅಂತಲೇ ಹೆಸರಾಯ್ತು. ಕಾಫಿ ಕೊಡೋ ಹುಡುಗನ ಪಾತ್ರಕ್ಕೆ ಕಟ್ಟಿದ ಆ ಸ್ಮಾರಕ ವರ್ಷಗಟ್ಟಲೆ ನಿಂತಿದೆ. ಪ್ರವಾಸಿಗರು ಹುಡುಕಿಕೊಂಡು ಹೋಗಿ ನೋಡ್ತಾರೆ.

ನಮಗೆ ಇದು ವಿಚಿತ್ರ ಅನಿಸಬೇಕಾಗಿಲ್ಲ. 2021ರ ಅಕ್ಟೋಬರ್‌ನಲ್ಲಿ ಅಪ್ಪು ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದ ಮುಂದೆ ಜನ ಸಾಲು ನಿಂತರು. ಪುನೀತ್ ನಿಜದ ಮನುಷ್ಯ, ಪಾತ್ರ ಅಲ್ಲ, ಆ ಎರಡನ್ನು ತೂಗೋದು ಸರಿಯಲ್ಲ. ಆದರೆ ಸಾಲಿನಲ್ಲಿ ನಿಂತವರಿಗೆ ಬೇಕಿದ್ದದ್ದೂ ಒಂದು ಜಾಗವೇ. ಹೋಗಿ ನಿಲ್ಲಲಿಕ್ಕೆ, ಪಕ್ಕದವನ ಕಣ್ಣಲ್ಲೂ ನೀರು ನೋಡಲಿಕ್ಕೆ.

ಇದಕ್ಕೊಂದು ಕೆಟ್ಟ ಮುಖವೂ ಇದೆ. ಯಾಂಟೊ ಸತ್ತಾಗ ಆ ಕಥೆಯ ಬರಹಗಾರರಲ್ಲಿ ಒಬ್ಬರಾದ ಜೇಮ್ಸ್ ಮೋರನ್‌ಗೆ ಕೆಲವರು ಬೈದು ಬರೆದರು. ಅವರೇ ಕೊಲೆ ಮಾಡಿದ ಹಾಗೆ. ದುಃಖಕ್ಕೆ ಕೂಡಲು ಜಾಗ ಬೇಕು, ಹೊಡೆಯಲು ಆಳು ಬೇಡ. ಸಾವಿನ ಮನೆಗೆ ಹೋಗಿ ಡಾಕ್ಟರನ್ನು ಹೊಡೆಯೋ ಬಂಧುಗಳನ್ನು ನಾವೂ ಕಂಡಿದ್ದೇವೆ. ಅದು ಪ್ರೀತಿ ಅಲ್ಲ.

ಮಿಹಿರ್ ವಾಪಸ್ ಬಂದ

ಅಭಿಮಾನಿಗಳ ಅಳುವಿಗೆ ಎಷ್ಟೋ ಸಲ ಬರಹಗಾರರೇ ಸೋತಿದ್ದಾರೆ.

1893ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಸಾಯಿಸಿದರು. ಸಿಟ್ಟಾದ ಓದುಗರು ಪತ್ರ ಬರೆದರು, ಪತ್ರಿಕೆಯ ಚಂದಾ ಬಿಟ್ಟರು. ಹತ್ತು ವರ್ಷಕ್ಕೆ ಹೋಮ್ಸ್ ಬದುಕಿ ಬಂದ. 1982ರ ಜೂನ್‌ನಲ್ಲಿ, ಏಡ್ರಿಕ್ ಸತ್ತ ಮೂರು ತಿಂಗಳಿಗೆ, ‘ಸ್ಟಾರ್ ಟ್ರೆಕ್’ ಸಿನಿಮಾದಲ್ಲಿ ಸ್ಪಾಕ್ ಸತ್ತ. 1984ರ ಸಿನಿಮಾದಲ್ಲಿ ಅವನೂ ಬಂದ.

ನಮ್ಮ ಮನೆಗಳಿಗೆ ಗೊತ್ತಿರೋ ಉದಾಹರಣೆ ಬೇಕಂದ್ರೆ ಮಿಹಿರ್. ಸ್ಟಾರ್ ಪ್ಲಸ್‌ನ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಶುರುವಾಗಿದ್ದು 2000ದ ಜುಲೈನಲ್ಲಿ. ಕಲಬುರಗಿಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ ಯಾವ ಮನೆಯೇ ಇರಲಿ, ಆ ಹೊತ್ತಿಗೆ ಟಿವಿ ಅದೇ. ತುಳಸಿಯ ಗಂಡ ಮಿಹಿರ್ ಅಪಘಾತದಲ್ಲಿ ಸತ್ತಾಗ ದೇಶದ ಎಷ್ಟೋ ಮನೆಗಳಲ್ಲಿ ನಿಜಕ್ಕೂ ಸೂತಕದ ವಾತಾವರಣ. ಅವನನ್ನು ವಾಪಸ್ ತನ್ನಿ ಅಂತ ಪ್ರೇಕ್ಷಕರು ಪಟ್ಟು ಹಿಡಿದರು. ಕೊನೆಗೆ ಅವನು ನೆನಪು ಕಳೆದುಕೊಂಡು ಬದುಕಿದ್ದಾನೆ ಅಂತಾಯ್ತು. ನಮ್ಮ ಓಣಿಯ ಹೆಂಗಸರು ಸಂಜೆ ಕಟ್ಟೆಯ ಮೇಲೆ ಕೂತು ಮಿಹಿರ್‌ನ ಸಾವನ್ನು ವಾರಗಟ್ಟಲೆ ಮಾತಾಡಿದ್ದರು ಅಂತ ಅವ್ವ ಈಗಲೂ ನಗ್ತಾ ಹೇಳ್ತಾಳೆ. ಒಂದು ಗಮನಿಸಿ. ಅವರಿಗೆ ಕಟ್ಟೆ ಇತ್ತು. ಅವರಲ್ಲಿ ಯಾರೂ ಒಬ್ಬರೇ ಅತ್ತಿರಲಿಲ್ಲ.

ವಾಪಸ್ ತಂದರೆ ದುಃಖ ತೀರುತ್ತಾ? ಈ ಪ್ರಶ್ನೆಯನ್ನೇ ‘ಡಾಕ್ಟರ್ ಹೂ’ 2015ರಲ್ಲಿ ಕೈಗೆತ್ತಿಕೊಂಡಿತು. ನಾವಾಗ ಇಂಜಿನಿಯರಿಂಗ್ ಓದ್ತಿದ್ವಿ. ಹಾಸ್ಟೆಲಿನಲ್ಲಿ ಒಂದು ಲ್ಯಾಪ್‌ಟಾಪ್ ಸುತ್ತ ಆರು ಜನ. ಕ್ಲಾರಾ ಅನ್ನೋ ಜೊತೆಗಾರ್ತಿ ನವೆಂಬರ್ 21ರ ಕಂತಿನಲ್ಲಿ ಬೇರೊಬ್ಬರ ಸಾವನ್ನು ತನ್ನ ಮೇಲೆ ಎಳೆದುಕೊಂಡು ಸತ್ತಳು. ಅದರ ಮುಂದಿನ ಕಂತಿನಲ್ಲಿ ಡಾಕ್ಟರ್ ಒಂದು ಕೋಟೆಯೊಳಗೆ ಒಬ್ಬನೇ ಸಿಕ್ಕಿಬೀಳ್ತಾನೆ. ವಜ್ರಕ್ಕಿಂತ ಗಟ್ಟಿಯಾದ ಗೋಡೆಯನ್ನು ಬರೀ ಮುಷ್ಟಿಯಿಂದ ಗುದ್ದುತ್ತಾನೆ. ಸಾಯ್ತಾನೆ, ಮತ್ತೆ ಹುಟ್ಟುತ್ತಾನೆ, ಮತ್ತೆ ಗುದ್ದುತ್ತಾನೆ. ಹೀಗೆ ನಾನೂರೈವತ್ತು ಕೋಟಿ ವರ್ಷ.

ಡಿಸೆಂಬರ್ 5ರ ಕಂತಿನಲ್ಲಿ ಅವನು ಕ್ಲಾರಾಳನ್ನು ಅವಳ ಕೊನೆಯ ಎರಡು ಎದೆಬಡಿತದ ನಡುವಿನಿಂದ ಎಳೆದು ತರ್ತಾನೆ. ಅವಳು ಉಸಿರಾಡದ, ನಾಡಿ ಇಲ್ಲದ ಸ್ಥಿತಿಯಲ್ಲಿ ಓಡಾಡ್ತಾಳೆ. ಕೊನೆಗೆ ಡಾಕ್ಟರ್ ಅವಳ ನೆನಪನ್ನೇ ಕಳೆದುಕೊಳ್ತಾನೆ. ಅಭಿಮಾನಿಗಳು ಎರಡು ಪಾಳಯ ಆದರು. ಕೆಲವರಿಗೆ ಸಮಾಧಾನ, ಕೆಲವರಿಗೆ ಮೋಸ. ನಮ್ಮ ಹಾಸ್ಟೆಲಿನಲ್ಲೂ ಮೆಸ್ಸಿನ ತಟ್ಟೆ ಒಣಗೋವರೆಗೂ ಜಗಳ. “ಸತ್ತೋರನ್ನ ತರೋದಾದ್ರ ನಾವು ಅತ್ತಿದ್ದು ಯಾಕಪಾ?” ಅಂದ ಒಬ್ಬ. ಇವತ್ತಿಗೂ ನಾನು ಅವನ ಕಡೆಯೇ. ನಾವು ಹಿಂದಿನ ಕಂತು ನೋಡಿ ಅತ್ತದ್ದು ಕ್ಲಾರಾಗಾಗಿ ಮಾತ್ರ ಅಲ್ಲ. ಮಾತಾಡಿಸಲಿಕ್ಕೆ ಒಬ್ಬರೂ ಇಲ್ಲದವನು ಗೋಡೆ ಗುದ್ದೋದನ್ನು ನೋಡಿ.

ಕಮಲಾಪುರದ ಕಾಕಾ ಮತ್ತು ಚಾರ್ಲಿ

ಆ ಗೋಡೆ ಸೈನ್ಸ್ ಫಿಕ್ಷನ್‌ನಲ್ಲಿ ಮಾತ್ರ ಇರೋದಿಲ್ಲ.

ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಮುಂದಿನ ವರ್ಷ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ನಮ್ಮ ದೊಡ್ಡಪ್ಪ ನಗರದ ಒಂದು ಆಸ್ಪತ್ರೆಯಲ್ಲಿ ಹೋದರು. ನಿವೃತ್ತ ಮಾಸ್ತರು. ಅವರ ತಮ್ಮ, ನಮ್ಮ ಕಾಕಾ, ಇರೋದು ಕಮಲಾಪುರದಲ್ಲಿ. ಹುಮನಾಬಾದ್ ರಸ್ತೆಯಲ್ಲಿ, ಕೆಂಪು ಬಾಳೆಗೆ ಹೆಸರಾದ ಊರು. ಕಾಕಾನದೂ ಬಾಳೆ ತೋಟ. ದೊಡ್ಡಪ್ಪ ಭಾನುವಾರ ಭಾನುವಾರ ಬಸ್ ಹತ್ತಿ ತೋಟಕ್ಕೆ ಬರೋರು. ಅಣ್ಣ ತಮ್ಮ ಇಬ್ಬರೂ ಬಾವಿ ದಂಡೆಗೆ ಕೂತು ರೊಟ್ಟಿ ತಿನ್ನೋರು, ಹೆಚ್ಚು ಮಾತೂ ಇರ್ತಿರಲಿಲ್ಲ.

ದೊಡ್ಡಪ್ಪ ಹೋದಾಗ ಹೆಣ ಮನೆಗೆ ಬರಲಿಲ್ಲ. ಮಣ್ಣಿಗೆ ನಾಲ್ಕೈದು ಜನ. ಕಾಕಾ ಕಮಲಾಪುರದಿಂದ ಹೊರಡಲೂ ಆಗಲಿಲ್ಲ. ಆಮೇಲೆ ಮಾತಾಡಿಸಲಿಕ್ಕೂ ಯಾರೂ ಬರಲಿಲ್ಲ. ಬರಬಾರದು ಅಂತಲೇ ನಿಯಮ. ಫೋನಿನಲ್ಲಿ “ಧೈರ್ಯ ತಗೋರಿ” ಅಂದರು. ಕಾಕಾ ಅಳಲಿಲ್ಲ. ಮರುದಿನ ತೋಟಕ್ಕೆ ಹೋಗಿ ನೀರು ಬಿಟ್ಟರು. ವರ್ಷ ಕಳೆದರೂ ಅಣ್ಣನ ಹೆಸರು ಬಾಯಿಗೆ ಬರಲಿಲ್ಲ. “ಗಟ್ಟಿ ಮನಷ್ಯಾ” ಅಂದರು ಜನ.

2022ರ ಜೂನ್ 10ಕ್ಕೆ ‘777 ಚಾರ್ಲಿ’ ಬಂತು. ಕಾಸರಗೋಡಿನ ಕಿರಣ್‌ರಾಜ್ ಅವರ ನಿರ್ದೇಶನ, ರಕ್ಷಿತ್ ಶೆಟ್ಟಿ ನಾಯಕ. ಧರ್ಮ ಅನ್ನೋ ಒಂಟಿ ಮನುಷ್ಯ, ಫ್ಯಾಕ್ಟರಿ ಕೆಲಸ, ಯಾರೂ ಬೇಡ ಅನ್ನೋ ಸಿಡುಕ. ಅವನ ಬಾಳಿಗೆ ಚಾರ್ಲಿ ಅನ್ನೋ ನಾಯಿ ಬರುತ್ತೆ. ಅದಕ್ಕೆ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಅದಕ್ಕೆ ಹಿಮ ತೋರಿಸಲು ಅವನು ಕಾಶ್ಮೀರದವರೆಗೂ ಕರಕೊಂಡು ಹೋಗ್ತಾನೆ. ಇದರಲ್ಲಿ ಟೈಮ್ ಮಷೀನ್ ಇಲ್ಲ, ಅನ್ಯಗ್ರಹ ಇಲ್ಲ. ಆದರೆ ಜೊತೆಗಾರನ ಕಥೆ ಅಂದರೆ ಇದೇ. ಈ ನಾಡಿನಲ್ಲಿ ಒಂದು ಜೊತೆಗಾರ ಪಾತ್ರದ ಸಾವಿಗೆ ಇಷ್ಟು ಜನ ಬಹಿರಂಗವಾಗಿ ಅತ್ತಿದ್ದನ್ನು ನನ್ನ ತಲೆಮಾರು ಕಂಡಿರಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರೇ ಸಿನಿಮಾ ನೋಡಿ ಕ್ಯಾಮೆರಾ ಮುಂದೆ ಬಿಕ್ಕಿದರು. ಹಿಂದಿನ ವರ್ಷ ಅವರ ಮನೆಯ ನಾಯಿ ತೀರಿಕೊಂಡಿತ್ತು. ಕೆಲವರು ನಕ್ಕರು. ಬಹಳ ಜನ ನಗಲಿಲ್ಲ, ತಮ್ಮ ತಮ್ಮ ನಾಯಿಯ ಫೋಟೊ ಹಾಕಿ ಕಥೆ ಬರೆದರು.

ಕಾಕಾನ ಮಗಳು ಡಿಗ್ರಿ ಓದ್ತಿದ್ದಳು. ಹಠ ಮಾಡಿ ಅಪ್ಪನನ್ನು ಕಲಬುರಗಿಗೆ ಸಿನಿಮಾಕ್ಕೆ ಎಳಕೊಂಡು ಬಂದಳು. ನಾನೂ ಹೋದೆ, ಕಾರು ನನ್ನದೇ. ಕೊನೆಯ ಹದಿನೈದು ನಿಮಿಷ ಇಡೀ ಹಾಲಿನಲ್ಲಿ ಮೂಗು ಸುರ್ ಅನ್ನೋ ಸದ್ದು. ಪಕ್ಕಕ್ಕೆ ನೋಡಿದರೆ ಕಾಕಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ದೀಪ ಹತ್ತಿದ ಮೇಲೂ ತೆಗೆಯಲಿಲ್ಲ. ನಮ್ಮ ಹಿಂದಿನ ಸಾಲಿನ ಅಪರಿಚಿತ ಹೆಂಗಸೊಬ್ಬರು, ತಾವೂ ಕಣ್ಣೊರೆಸಿಕೊಳ್ತಾ, ಒಂದು ನೀರಿನ ಬಾಟಲಿ ಮುಂದೆ ಹಿಡಿದು “ತಗೋರಿ ಅಣ್ಣಾ” ಅಂದರು.

ವಾಪಸ್ ಹೋಗುವಾಗ ಮಹಾಗಾಂವ ಕ್ರಾಸ್‌ನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಕಾಕಾ ಕಪ್ಪು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ಅವಂಗ ಕಡೀಗಿ ಮಾರಿ ನೋಡ್ಲಾಕರೆ ಸಿಕ್ತು. ನನಗ ಅಣ್ಣನ ಮಾರಿ ನೋಡ್ಲಾಕೂ ಬಿಡ್ಲಿಲ್ಲ.”

ಮಗಳು ಏನೂ ಸಮಾಧಾನ ಹೇಳಲಿಲ್ಲ. “ಅವತ್ತ ಏನಾಯ್ತಪಾ, ನಿನಗ ಮೊದ್ಲ ಯಾರ್ ಫೋನ್ ಮಾಡಿದ್ರು?” ಅಂತ ಕೇಳಿದಳು. ಕಾಕಾ ಹೇಳಲು ಶುರು ಮಾಡಿದರು. ಚಹಾ ಆರಿತು. ಇನ್ನೊಂದು ಹೇಳಿದೆವು. ಕಮಲಾಪುರ ಮುಟ್ಟೋವರೆಗೂ ಹೇಳಿದರು. ಭಾನುವಾರದ ಬಸ್ಸು, ಬಾವಿ ದಂಡೆಯ ರೊಟ್ಟಿ, ಮೊದಲ ಗೊನೆ ಕೊಯ್ದಾಗ ಅಣ್ಣ ಕೈಯಾರೆ ಪೂಜೆ ಮಾಡ್ತಿದ್ದದ್ದು. ಒಂದು ವರ್ಷ ತಡವಾಗಿ ನಾವು ಮಾತಾಡಿಸಿದ್ವಿ.

ಕಾಕಾ ಅತ್ತಿದ್ದು ನಾಯಿಗಾ, ಅಣ್ಣನಿಗಾ? ಎರಡಕ್ಕೂ ಅಂತ ನನಗನಿಸುತ್ತೆ. ಚಾರ್ಲಿಯ ಸಾವು ಸುಳ್ಳು. ಆದರೆ ಕತ್ತಲೆ ಹಾಲಿನಲ್ಲಿ ಇನ್ನೂರು ಜನರ ನಡುವೆ ಸಿಕ್ಕ ಅಳುವ ಅನುಮತಿ ನಿಜ.

ಕೂಡಿ ಅಳೋದು ನಮಗೆ ಹೊಸದಲ್ಲ

ಮೂರನೇ ಕ್ಲಾಸಿನಲ್ಲಿ ‘ಗೋವಿನ ಹಾಡು’ ಕೇಳಿ ಪುಣ್ಯಕೋಟಿಗಾಗಿ ಗಂಟಲು ಕಟ್ಟದ ಕನ್ನಡದ ಮಗು ಯಾವುದು? ಕೊನೆಗೆ ಪ್ರಾಣ ಬಿಡೋ ಹುಲಿಗೂ ಅಳ್ತೀವಿ. ‘ಕೆರೆಗೆ ಹಾರ’ದ ಭಾಗೀರಥಿಗೆ ನಮ್ಮ ಅಜ್ಜಿಯರು ಬೀಸೋ ಕಲ್ಲಿನ ಮುಂದೆ ಅತ್ತಿದ್ದಾರೆ. ಊರ ಬಯಲಾಟದಲ್ಲಿ ಕರ್ಣ ಬೀಳುವಾಗ ಮುಂದಿನ ಸಾಲಿನ ಹಿರಿಯರು ಶಲ್ಯದಿಂದ ಕಣ್ಣೊರೆಸಿಕೊಳ್ತಾರೆ. ಕರ್ಣನ ಪಾತ್ರ ಮಾಡಿದವ ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗ್ತಾನೆ ಅಂತ ಅವರಿಗೆ ಗೊತ್ತಿಲ್ಲವಾ? ನಂಬಿಕೆಯ ಮಾತು ಬೇರೆ, ಕಥೆಯ ಮಾತು ಬೇರೆ. ಆದರೂ ಒಂದು ಮಾತು ನೆನೆಯಬೇಕು. ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಂ ರಿವಾಯತ್ ಪದಗಳನ್ನು ಹಿಂದೂ, ಮುಸ್ಲಿಂ ಇಬ್ಬರೂ ಕೂಡಿ ಕನ್ನಡದಲ್ಲೇ ಹಾಡ್ತಾರೆ. ಕಣ್ಣಾರೆ ಕಾಣದವರ ಸಾವಿಗೆ ಕೂಡಿ ಅಳುವ ಅಭ್ಯಾಸ ಈ ಮಣ್ಣಿಗೆ ಹಳೆಯದು.

ಟಿವಿ ಕೂಡ ಇಲ್ಲಿ ಹಾಗೇ ಬಂತು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ‘ಸೈಟ್’ ಅನ್ನೋ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ, ಅದಕ್ಕೂ ಮುಂಚೆ ನಮ್ಮ ಹಳ್ಳಿಗಳು ಟಿವಿ ನೋಡಿದ್ದವು. ಊರಿಗೆ ಒಂದೇ ಟಿವಿ, ಅದರ ಮುಂದೆ ಇಡೀ ಊರು. ನಕ್ಕರೆ ಎಲ್ಲರೂ, ಅತ್ತರೆ ಎಲ್ಲರೂ.

ಈಗ ಅದೇ ಪರದೆ ಅಂಗೈಯಷ್ಟಾಗಿದೆ. ಕಥೆಗಳು ಮೊದಲಿಗಿಂತ ಹೆಚ್ಚಿವೆ, ಜೊತೆಗಾರರು ಹೆಚ್ಚಿದ್ದಾರೆ, ಸಾವುಗಳೂ ಹೆಚ್ಚಿವೆ. ಕಮ್ಮಿಯಾಗಿದ್ದು ಪಕ್ಕದಲ್ಲಿ ಕೂತವರು. ನಾನು ಬೆಂಗಳೂರಿನಲ್ಲಿ ಸೀರೀಸ್ ಮುಗಿಸಿದ ರಾತ್ರಿ, ಅದೇ ಕಂತು ನೋಡಿದ ಇನ್ನೊಬ್ಬ ಗೋಡೆಯ ಆ ಕಡೆಯ ಫ್ಲ್ಯಾಟಿನಲ್ಲೇ ಇರಬಹುದು. ಇಬ್ಬರಿಗೂ ಗೊತ್ತಾಗೋದಿಲ್ಲ. ಆಗಲೇ ಜನ ಅಪರಿಚಿತರಿಗೆ ಪತ್ರ ಬರೆಯೋದು, ದೂರದ ಗೋಡೆಗೆ ಹೂವು ಅಂಟಿಸೋದು.

ಒಂದು ಸಣ್ಣ ಕೆಲಸ

ಆಫೀಸಿನಲ್ಲೋ ಮನೆಯಲ್ಲೋ ಯಾರಾದರೂ, ತಂಗಿಯೋ ಟೀಮಿನ ಹೊಸ ಹುಡುಗನೋ, ಸೀರೀಸ್ ನೋಡಿ ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ ಮೂರು ಮಾತು ಬೇಡ. “ಅದು ಬರೀ ಕಥೆ” ಬೇಡ. “ಮುಂದಿನ ಸೀಸನ್‌ನಲ್ಲಿ ವಾಪಸ್ ಬರ್ತಾನೆ ಬಿಡು” ಬೇಡ. “ಇಷ್ಟಕ್ಕೆಲ್ಲ ಗಂಡಸು ಅಳ್ತಾನಾ” ಅಂತೂ ಬೇಡವೇ ಬೇಡ.

ನಮ್ಮ ಅವ್ವಂದಿರು ಸಾವಿನ ಮನೆಯಲ್ಲಿ ಕೇಳೋ ಆ ಒಂದೇ ಪ್ರಶ್ನೆ ಕೇಳಿ ಸಾಕು: “ಏನಾಯ್ತು, ಹೇಳು.”

ಅವರು ಆ ಪಾತ್ರದ ಬಗ್ಗೆ ಹೇಳ್ತಾರೆ. ನಿಮಗೆ ಅರ್ಧ ಅರ್ಥ ಆಗಲ್ಲ. ಯಾವ ಗ್ರಹ, ಯಾವ ನೌಕೆ, ಯಾರು ಯಾರಿಗೆ ಏನಾಗಬೇಕು, ಒಂದೂ ತಿಳಿಯಲ್ಲ. ಪರವಾಗಿಲ್ಲ, ಕೇಳ್ತಾ ಇರಿ. ಹೇಳ್ತಾ ಹೇಳ್ತಾ ಕಥೆ ಆ ನೌಕೆಯಿಂದ ಇಳಿದು ಅವರ ಮನೆಗೆ ಬರಬಹುದು, ಅವರು ಈವರೆಗೆ ಯಾರ ಮುಂದೆಯೂ ಹೇಳದ ಒಂದು ಹೆಸರಿಗೆ. ಬಾರದೆಯೂ ಇರಬಹುದು. ಬಾರದಿದ್ದರೂ ನಷ್ಟವೇನಿಲ್ಲ. ಒಂದು ಚಹಾ ಆರುವಷ್ಟು ಹೊತ್ತು ಒಬ್ಬರ ಜೊತೆ ಕೂತ ಹಾಗಾಯ್ತು.